11,800 ರೂಪಾಯಿ ಟೆಂಟು, ಎರಡು ಬ್ಯಾಡಗಿ ಗಿಡ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಮನೆಯೊಳಗೆ ದೀಪದ ಬೆಳಕಲ್ಲಿ ಗಿಡ ಬೆಳೆಸುವ ಈ ಕಿಟ್‌ನಲ್ಲಿ ಲೈಟ್ ಚೆನ್ನಾಗಿದೆ, ಅದೊಂದನ್ನೇ ಬಿಡಿಯಾಗಿ ತಗೊಳ್ಳಿ. ಉಳಿದ ಕಿಟ್ ನಮ್ಮ ಊರಿಗೂ ಹೊಂದಲ್ಲ, ನಮ್ಮ ಗಿಡಗಳಿಗೂ ಹೊಂದಲ್ಲ. ಹೆಸರು ಹೇಳಲ್ಲ, ಯಾಕಂದರೆ ಇದೇ ಟೆಂಟು, ಇದೇ ಫ್ಯಾನು ಹತ್ತು ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ.

ನಮ್ಮದು ಹುಬ್ಬಳ್ಳಿ ವಿದ್ಯಾನಗರದಲ್ಲಿ ನೆಲಮಹಡಿಯ ಬಾಡಿಗೆ ಮನೆ. ಮೂರು ಕಡೆ ಎತ್ತರದ ಕಟ್ಟಡ. ಬಿಸಿಲು ಅಂದರೆ ಬೆಳಿಗ್ಗೆ ಅಡುಗೆಮನೆ ಕಿಟಕಿಗೆ ಅರ್ಧ ಗಂಟೆ ಬಂದು ಚಹಾ ಕೂಡ ಕುಡಿಯದೆ ಹೋಗುವ ನೆಂಟ. ತಾರಸಿ ಕೀಲಿ ಮಾಲೀಕರ ಹತ್ತಿರ, ಅಲ್ಲಿ ಅವರ ಸಂಡಿಗೆ ಹಪ್ಪಳಕ್ಕೆ ಮಾತ್ರ ಜಾಗ. ನನ್ನ ತವರು ಬ್ಯಾಡಗಿ ಹತ್ತಿರದ ಹಳ್ಳಿ. ಮೆಣಸಿನಕಾಯಿ ಹೊಲದಲ್ಲಿ ಆಡಿ ಬೆಳೆದವಳು ಒಂದು ಗಿಡವೂ ಇಲ್ಲದ ಮನೆಯಲ್ಲಿ ಆರು ವರ್ಷ ಕಳೆದಿದ್ದೆ. ಕೊತ್ತಂಬರಿ ಹಾಕಿದರೆ ದಾರದ ಹಾಗೆ ಉದ್ದ ಬೆಳೆದು ಬಿದ್ದುಹೋಗುತ್ತಿತ್ತು. ಅದಕ್ಕೇ ಹೋದ ವರ್ಷ ಮೇ ತಿಂಗಳ ಕೊನೆಗೆ, ಮಳೆ ಶುರುವಾಗುವ ಮುಂಚೆ, ಗಂಡನಿಗೆ ಬೆಲೆ ಸ್ವಲ್ಪ ಕಡಿಮೆ ಹೇಳಿ ಈ ಕಿಟ್ ತರಿಸಿದೆ.

ಡಬ್ಬಿಯಲ್ಲಿ ಬಂದದ್ದು: 60 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 140 ಸೆಂಟಿಮೀಟರ್ ಎತ್ತರದ ಕಪ್ಪು ಬಟ್ಟೆಯ ಟೆಂಟು, ಒಳಗೆ ಕನ್ನಡಿ ಹಾಗೆ ಹೊಳೆಯುವ ಹಾಳೆ. ಒಂದು ಎಲ್‌ಇಡಿ ಬೋರ್ಡು. ನಾಲ್ಕು ಇಂಚಿನ ಫ್ಯಾನು, ಅದಕ್ಕೆ ಪೈಪು, ಮತ್ತೊಂದು ಸಿಲಿಂಡರ್ ಆಕಾರದ ಕಾರ್ಬನ್ ಫಿಲ್ಟರು. ಚಕ್ರದ ಟೈಮರು. 11 ಲೀಟರ್ ಹಿಡಿಸುವ ಬಟ್ಟೆ ಚೀಲ ಎರಡು, ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಮೂರು, ಗೊಬ್ಬರದ ದ್ರಾವಣ ಎರಡು ಬಾಟಲಿ. ಜೊತೆಗೆ ಎಂಟು ಪುಟದ ಒಂದು ಪುಸ್ತಿಕೆ. ಆ ಪುಸ್ತಿಕೆಯ ಕಥೆಯೇ ಬೇರೆ ಇದೆ, ಬರುತ್ತೇನೆ.

ಮೊದಲು ಲೈಟ್. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಅಂತ ಇತ್ತು. ನನಗೆ ಎದೆ ಧಸಕ್ಕಂತು, ಹದಿನಾರು ಗಂಟೆ ಉರಿಸಿದರೆ ಕರೆಂಟ್ ಬಿಲ್ ಗತಿ ಏನು ಅಂತ. ಗಂಡ ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ತಂದು ನೋಡಿದರೆ 96 ವ್ಯಾಟ್. ಡಬ್ಬಿಯನ್ನು ತಿರುಗಿಸಿ ನೋಡಿದಾಗ ಇರುವೆ ಸಾಲಿನಂಥ ಅಕ್ಷರದಲ್ಲಿ "ಸಮಾನ" ಅನ್ನೋ ಪದ ಸಿಕ್ಕಿತು. ಯಾವ ಕಾಲದ ಯಾವ ಬಲ್ಬಿಗೆ ಸಮಾನವೋ! ಇದು ಒಂದೇ ಕಂಪನಿಯ ಚಾಳಿ ಅಲ್ಲ, ಗ್ರೋ ಲೈಟ್ ಮಾರುವವರು ಬಹಳ ಜನ ಹೀಗೇ ಬರೆಯುತ್ತಾರೆ. ತಗೊಳ್ಳುವಾಗ ಗೋಡೆಯಿಂದ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಕೇಳಿ, ಆ ಒಂದು ಅಂಕಿ ಸಾಕು. ಲಕ್ಸ್, ಲ್ಯುಮೆನ್ ಅಂತ ಹೇಳಿದರೆ ಅದು ನಮ್ಮ ಕಣ್ಣಿಗೆ ಎಷ್ಟು ಬೆಳಕು ಅನ್ನೋ ಲೆಕ್ಕ. ಗಿಡಕ್ಕೆ ಬೇಕಾದದ್ದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕು ಎಲೆ ಮೇಲೆ ಎಷ್ಟು ಬೀಳುತ್ತದೆ ಅನ್ನೋದು, ಅದನ್ನು ಪಿಪಿಎಫ್‌ಡಿ ಅಂತಾರೆ.

ಆದರೆ ಆ 96 ವ್ಯಾಟ್ ಈ ಪುಟ್ಟ ಜಾಗಕ್ಕೆ ಧಾರಾಳ ಸಾಕು. ಇದಕ್ಕೂ ಮೊದಲು 700 ರೂಪಾಯಿಯ ನೇರಳೆ ಬೆಳಕಿನ ಕ್ಲಿಪ್ ಲೈಟ್ ಒಂದನ್ನು ತಂದು ಕೈ ಸುಟ್ಟುಕೊಂಡಿದ್ದೆ. ಆ ಬೆಳಕಲ್ಲಿ ಹಸಿರು ಎಲೆ ಕಪ್ಪಗೆ ಕಾಣುತ್ತದೆ, ಹಳದಿ ಆದರೂ ಗೊತ್ತಾಗಲ್ಲ, ಹುಳ ಕೂತರೂ ಗೊತ್ತಾಗಲ್ಲ. ಮೇಲಿಂದ ಕಿಟಕಿ ನೇರಳೆ ಬಣ್ಣಕ್ಕೆ ಹೊಳೆದು ಓಣಿಯವರೆಲ್ಲ ನಮ್ಮ ಮನೆಯಲ್ಲಿ ಏನೋ ನಡೀತಿದೆ ಅಂದುಕೊಂಡಿದ್ದರು. ಈ ಬೋರ್ಡಿನದು ಬಿಳಿ ಬೆಳಕು, ಮನೆ ಟ್ಯೂಬ್‌ಲೈಟ್ ಹಾಗೇ ಕಾಣುತ್ತದೆ. ಸಸಿ ಇದ್ದಾಗ ಎರಡು ಅಡಿ ಮೇಲೆ ತೂಗುಹಾಕಿದ್ದೆ, ಆಮೇಲೆ ಒಂದೂಕಾಲು ಅಡಿಗೆ ಇಳಿಸಿದೆ. ಏಳು ತಿಂಗಳಲ್ಲಿ ಒಂದು ದೀಪವೂ ಸತ್ತಿಲ್ಲ. ಅದೇ ಬೆಳಕಲ್ಲಿ ಮಳೆಗಾಲ ಪೂರ್ತಿ ಮೆಂತ್ಯ, ಕೊತ್ತಂಬರಿ ಟ್ರೇಯಲ್ಲಿ ಹಾಕಿ ಕೊಯ್ದುಕೊಂಡೆ. ಹೊರಗೆ ವಾರಗಟ್ಟಲೆ ಸೂರ್ಯ ಮುಖ ತೋರಿಸದ ಜುಲೈನಲ್ಲಿ ಮನೆ ಮೂಲೆಯಲ್ಲಿ ಮೆಂತ್ಯ ಸೊಪ್ಪು ನಳನಳಿಸುತ್ತಿತ್ತು. ಅದಕ್ಕೆ ಟೆಂಟೇ ಬೇಕಿರಲಿಲ್ಲ ಅನ್ನೋದು ಬೇರೆ ಮಾತು, ಟೇಬಲ್ ಮೇಲೆ ತೂಗುಹಾಕಿದ್ದರೂ ಆಗುತ್ತಿತ್ತು.

ಈಗ ಪುಸ್ತಿಕೆ.

ಅದರಲ್ಲಿ ಗಿಡದ ಹೆಸರೇ ಇಲ್ಲ. ಸುಮ್ನೆ "ನಿಮ್ಮ ಗಿಡ" ಅಂತ. ವಾರದ ಲೆಕ್ಕದ ಒಂದು ಪಟ್ಟಿ: ಮೊದಲ ವಾರ ಮೊಳಕೆ, ನಾಲ್ಕನೇ ವಾರ ಹೂವು ಶುರು, ಹತ್ತನೇ ವಾರ ಕೊಯ್ಲು. ಬೀಜವನ್ನು ನೇರವಾಗಿ ದೊಡ್ಡ ಚೀಲಕ್ಕೇ ಹಾಕಿ, ಯಾವ ಕಾರಣಕ್ಕೂ ಕಿತ್ತು ನೆಡಬೇಡಿ. ತುದಿ ಚಿವುಟಬೇಡಿ. ಕೊನೆಯವರೆಗೂ 18 ಗಂಟೆ ಬೆಳಕು, 6 ಗಂಟೆ ಕತ್ತಲು. ಹೂವಿನ ಸಮಯದಲ್ಲಿ ಕಾರ್ಬನ್ ಫಿಲ್ಟರ್ ಕಡ್ಡಾಯವಾಗಿ ಹಾಕಿ.

ನಾನು ಭಕ್ತಿಯಿಂದ ಹಾಗೇ ಮಾಡಿದೆ. ಅಮ್ಮ ಕಳಿಸಿದ ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ ತಳಿಯ ಬೀಜ ತಂದು 11 ಲೀಟರ್ ಚೀಲದ ನಟ್ಟನಡುವೆ ಊರಿದೆ. ಒಂಬತ್ತನೇ ದಿನ ಮೊಳಕೆ ಬಂತು. ಖುಷಿಗೆ ದಿನಾ ನೀರು. ಎರಡು ವಾರದೊಳಗೆ ಬುಡ ನೂಲಿನಷ್ಟು ಸಣ್ಣಗಾಗಿ, ಕೊಳೆತು, ನಾಲ್ಕಕ್ಕೆ ನಾಲ್ಕೂ ಸಸಿ ಅಡ್ಡ ಬಿದ್ದವು. ಕಾರಣ ಈಗ ಗೊತ್ತು: ಅಷ್ಟು ದೊಡ್ಡ ಚೀಲದ ತೇವವನ್ನು ಎರಡೆಲೆಯ ಸಸಿ ಕುಡಿಯೋಕೆ ಆಗಲ್ಲ, ಕೋಕೊಪೀಟ್ ವಾರವಾದರೂ ಆರಲ್ಲ, ಬುಡಕ್ಕೆ ಬೂಷ್ಟು ಹಿಡಿಯುತ್ತದೆ. ಜೊತೆಗೆ ಒದ್ದೆ ಮೇಲ್ಪದರದಲ್ಲಿ ಸಣ್ಣ ಕಪ್ಪು ನೊಣ ಬೇರೆ, ಹಳದಿ ಅಂಟುಹಾಳೆ ನೇತುಹಾಕಿ ಅವುಗಳನ್ನು ಹಿಡಿಯೋಕೆ ಒಂದು ತಿಂಗಳು ಬೇಕಾಯಿತು. ಹೊಲದವರು ಮೆಣಸಿನಕಾಯಿಗೆ ಮೊದಲು ಮಡಿಯಲ್ಲಿ ಅಗಿ ಬೆಳೆಸಿ ಆಮೇಲೆ ನಾಟಿ ಮಾಡುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಪುಸ್ತಿಕೆ ಓದಿ ಅದನ್ನೂ ಮರೆತೆ ನೋಡಿ.

ಎರಡನೇ ಸಲ, ಜೂನ್ ಕೊನೆಗೆ, ಕಾಗದದ ಚಹಾ ಕಪ್ಪಿನಲ್ಲಿ ಬೀಜ ಹಾಕಿ, ಸಸಿಗೆ 40 ದಿನ ಆದ ಮೇಲೆ ಚೀಲಕ್ಕೆ ಹಾಕಿದೆ. ಒಂದೂ ಸಾಯಲಿಲ್ಲ. ಆದರೆ ಎಂಟನೇ ವಾರ ದಾಟಿದರೂ ಮೊಗ್ಗಿಲ್ಲ. ಪಟ್ಟಿ ಪ್ರಕಾರ ಇನ್ನೆರಡು ವಾರಕ್ಕೆ ಕೊಯ್ಲು! ಗೊಬ್ಬರ ಕಡಿಮೆ ಆಯಿತೇನೋ ಅಂತ ಜಾಸ್ತಿ ಸುರಿದೆ, ಎಲೆ ತುದಿ ಸುಟ್ಟ ಹಾಗೆ ಕಂದಾದವು. ಆ ಹೊತ್ತಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಚಿಕ್ಕಮ್ಮನ ಮಗ ಚಿಗರಿ ಬಸ್ ಹತ್ತಿ ಊಟಕ್ಕೆ ಬಂದಿದ್ದ. ಪುಸ್ತಿಕೆ ಕೈಯಲ್ಲಿ ಹಿಡಿದವನು ನಗೋಕೆ ಶುರುಮಾಡಿದ, ನಿಲ್ಲಿಸಲೇ ಇಲ್ಲ.

"ಅಕ್ಕಾ, ಇದು ಯಾವ ಗಿಡದ ಟೈಮ್‌ಟೇಬಲ್ ಅಂತ ಗೊತ್ತೈತೇನ?"

ಗಾಂಜಾ. ಅದರಲ್ಲೂ ಆಟೋಫ್ಲವರಿಂಗ್ ಅನ್ನೋ ಜಾತಿಯದು. ಅವನು ಊಟ ಮಾಡುತ್ತಾ ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ, ಯಾಕಂದರೆ ಈ ಕಿಟ್ ಯಾಕೆ ಹೀಗಿದೆ ಅನ್ನೋದು ಅದರಿಂದಲೇ ಅರ್ಥವಾಗುವುದು. ಸಾಮಾನ್ಯ ಗಾಂಜಾ ಗಿಡ ರಾತ್ರಿ ಉದ್ದವಾದ ಮೇಲೆ ಹೂ ಬಿಡುತ್ತದೆ. ಮನೆಯೊಳಗಾದರೆ 12 ಗಂಟೆ ಬೆಳಕು, 12 ಗಂಟೆ ಕತ್ತಲಿಗೆ ಲೈಟ್ ಬದಲಿಸಬೇಕು. ರಷ್ಯಾ, ಮಧ್ಯ ಏಷ್ಯಾ ಕಡೆ ತಾನಾಗಿಯೇ ಬೆಳೆಯುವ ರುಡೆರಾಲಿಸ್ ಅನ್ನೋ ಒಂದು ಕುಳ್ಳ ಜಾತಿ ಇದೆ. ಅದಕ್ಕೆ ಆ ಹೆಸರನ್ನು 1924ರಲ್ಲಿ ರಷ್ಯಾದ ಸಸ್ಯಶಾಸ್ತ್ರಜ್ಞರೊಬ್ಬರು ಇಟ್ಟರು. ಅಲ್ಲಿ ಬೇಸಿಗೆ ಗಿಡ್ಡ, ಬೇಸಿಗೆಯ ಹಗಲು ಮಾತ್ರ ತುಂಬಾ ಉದ್ದ. ರಾತ್ರಿ ಉದ್ದವಾಗಲಿ ಅಂತ ಕಾಯುತ್ತಾ ಕೂತರೆ ಚಳಿ ಬಂದು ಸಾಯಬೇಕಾಗುತ್ತದೆ. ಅದಕ್ಕೆ ಅದು ಕತ್ತಲೆ ಲೆಕ್ಕ ಬಿಟ್ಟು ವಯಸ್ಸಿನ ಲೆಕ್ಕ ಹಿಡಿಯಿತು: ಹುಟ್ಟಿ ಮೂರು ನಾಲ್ಕು ವಾರಕ್ಕೆ ಹೂವು, ಹತ್ತು ವಾರದ ಆಸುಪಾಸು ಎಲ್ಲ ಮುಗೀತು. ಆ ಗುಣವನ್ನು ಬೆರೆಸಿ ಮಾಡಿದ ತಳಿಗಳೇ ಆಟೋ. ಹೊರದೇಶಗಳಲ್ಲಿ ಹೊಸಬರಿಗೆ ಇದನ್ನೇ ಕೊಡುವುದು ಅದಕ್ಕೇ. ವಯಸ್ಸಿನ ಗಡಿಯಾರ ನಿಲ್ಲಲ್ಲವಾದ್ದರಿಂದ ಕಿತ್ತು ನೆಟ್ಟು ಬೇರಿಗೆ ಪೆಟ್ಟಾದರೆ ಗಿಡಕ್ಕೆ ಸುಧಾರಿಸಿಕೊಳ್ಳೋಕೆ ಟೈಮ್ ಇರಲ್ಲ. ಹಾಗಾಗಿ ನೇರ ದೊಡ್ಡ ಕುಂಡಕ್ಕೇ ಹಾಕಿ, ತುದಿ ಚಿವುಟಬೇಡಿ ಅನ್ನೋದು. ಇನ್ನು ಕಾರ್ಬನ್ ಫಿಲ್ಟರು ವಾಸನೆ ಪಕ್ಕದ ಮನೆಗೆ ಹೋಗದಿರಲಿ ಅಂತ!

ಮೆಣಸಿನಕಾಯಿ ಹೂವಿಗೆ ಯಾವ ವಾಸನೆ ಮಾರಾಯ್ರೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕಿಟ್ ಮಾರುವುದು ತಪ್ಪಲ್ಲ, ಆದರೆ ಈ ಪುಸ್ತಿಕೆ ಓದಿ ಯಾರಾದರೂ ಹುಡುಗರಿಗೆ "ಒಂದೇ ಒಂದು ಗಿಡ ಅಲ್ವಾ, ಕಪಾಟಿನೊಳಗೆ ಯಾರು ನೋಡ್ತಾರೆ" ಅನ್ನಿಸಿದರೆ ಕಷ್ಟ. ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತುಗಳ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಗಾಂಜಾ ಗಿಡ ಬೆಳೆಸಿದರೆ ಅದರ 20ನೇ ಕಲಮಿನಲ್ಲಿ 10 ವರ್ಷದವರೆಗೂ ಕಠಿಣ ಜೈಲು, 1 ಲಕ್ಷದವರೆಗೂ ದಂಡ. ಒಂದೇ ಗಿಡ, ಕುಂಡದಲ್ಲಿತ್ತು, ಮನೆಯೊಳಗಿತ್ತು ಅಂತ ಬೆಳೆಸಿದವರಿಗೆ ರಿಯಾಯಿತಿ ಬರೆದಿಲ್ಲ. ಆಟೋ, ಆಟೋ ಅಲ್ಲದ್ದು ಅಂತ ಭೇದವೂ ಇಲ್ಲ. ನಮ್ಮ ಕಡೆ ಗೋವಿನಜೋಳದ ನಡುವೆ ಗಾಂಜಾ ಸಿಕ್ಕಿತು ಅನ್ನೋ ಸುದ್ದಿ ಪೇಪರಲ್ಲಿ ಬರುತ್ತಲೇ ಇರುತ್ತದೆ, ಅಂಥದ್ದಕ್ಕೆ ಹಾಕುವುದೂ ಇದೇ ಕಾಯ್ದೆ.

ಹಾಗಂತ ಎಲ್ಲರಿಗೂ ಅನುಮಾನ ಬರದೆ ಇರುತ್ತದಾ. ರಾತ್ರಿಯೆಲ್ಲಾ ಕಿಟಕಿ ಸಂದಿಯಿಂದ ಬೆಳಕು, ಗುಂಯ್ ಅನ್ನೋ ಫ್ಯಾನು. ಎದುರು ಮನೆಯ ಅಜ್ಜ ಒಂದು ದಿನ ಗೇಟಿನ ಹತ್ತಿರ ನಿಂತು "ಒಳಗ ಏನ್ ನಡಸೀರಿ ತಂಗಿ?" ಅಂದರು. ಒಳಗೆ ಕರೆದು ಟೆಂಟಿನ ಜಿಪ್ ತೆಗೆದು ತೋರಿಸಿದೆ. ಬಗ್ಗಿ ನೋಡಿ, ಒಂದು ಎಲೆ ಮುಟ್ಟಿ, "ಮೆಣಸಿನ ಗಿಡಕ್ಕ ಇಷ್ಟ್ ಪರದೆ ಯಾಕ್ವಾ" ಅಂದರು. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಮ್ಮ ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಮೆಣಸಿನಕಾಯಿ, ಟೊಮೆಟೊ ಇವಕ್ಕೆ ಹಗಲು ರಾತ್ರಿಯ ಉದ್ದದ ಹಂಗಿಲ್ಲ, ಬೆಳೆದು ದೊಡ್ಡದಾದಾಗ ತಾವೇ ಹೂ ಬಿಡುತ್ತವೆ. ಒಂದು ಲೆಕ್ಕದಲ್ಲಿ ಅವೂ ಆಟೋನೇ, ಆದರೆ ನಿಧಾನ. ರಾತ್ರಿ ಲೆಕ್ಕ ಹಾಕುವ ಗಿಡ ಬೇಕಾ, ಸೇವಂತಿಗೆ ನೋಡು ಅಂದ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬ್ ಉರಿಸುವುದು ಹೂವನ್ನು ಮುಂದಕ್ಕೆ ಹಾಕೋಕೆ. ನನಗೆ ಅದನ್ನು ನೋಡಲೇಬೇಕು ಅನ್ನಿಸಿತು. ಎರಡು ಸೇವಂತಿಗೆ ಕುಂಡ ತಂದು ಒಂದನ್ನು ಟೆಂಟಿನಲ್ಲಿಟ್ಟೆ, ಇನ್ನೊಂದನ್ನು ಧಾರವಾಡದ ಕೆಲಗೇರಿಯಲ್ಲಿರುವ ಅಕ್ಕನ ಮನೆ ಅಂಗಳಕ್ಕೆ ಕಳಿಸಿದೆ. ದೀಪಾವಳಿಗೆ ಅಕ್ಕನ ಕುಂಡ ಹಳದಿ ಹೂವು ತುಂಬಿ ಫೋಟೊ ಬಂತು. ನನ್ನದರಲ್ಲಿ ಬರೀ ಸೊಪ್ಪು, ಒಂದು ಮೊಗ್ಗಿಲ್ಲ. ನವೆಂಬರ್ ಎರಡನೇ ವಾರ ಟೈಮರನ್ನು 12 ಗಂಟೆಗೆ ಇಳಿಸಿದೆ. ಮೂರು ವಾರಕ್ಕೆ ಕಾಳಿನಷ್ಟು ಮೊಗ್ಗು, ಸಂಕ್ರಾಂತಿ ಪೂಜೆಗೆ ನಮ್ಮ ಮನೆಯದೇ ಹೂವು. ಮೆಣಸಿನ ಗಿಡಗಳು ಏನೂ ಆಗಿಲ್ಲ ಅನ್ನೋ ಹಾಗೆ ತಮ್ಮ ಪಾಡಿಗೆ ಕಾಯಿ ಬಿಡುತ್ತಿದ್ದವು. ಈ ಒಂದು ಆಟಕ್ಕೆ ಮಾತ್ರ ಟೆಂಟ್ ನಿಜವಾಗಿ ಕೆಲಸಕ್ಕೆ ಬಂತು, ಕತ್ತಲು ಅಂದರೆ ಕಗ್ಗತ್ತಲು ಮಾಡಬಲ್ಲದು. ಜಿಪ್ ಹೊಲಿಗೆಯ ಸಣ್ಣ ತೂತುಗಳಿಗೆ ಕಪ್ಪು ಟೇಪ್ ಹಚ್ಚಬೇಕಾಯಿತು ಅಷ್ಟೇ.

ಈಗ ಬೈಗುಳದ ಭಾಗ.

ಫ್ಯಾನು. ಮೊದಲ ದಿನದಿಂದ ಗುಂಯ್ ಅನ್ನುತ್ತಿತ್ತು, ಎರಡನೇ ತಿಂಗಳಿಗೆ ಗಿರಣಿ ಸದ್ದು, ನಾಲ್ಕನೇ ತಿಂಗಳಿಗೆ ನಿಂತೇ ಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ "ನಿಮ್ಮ ಖರ್ಚಲ್ಲಿ ಕಳಿಸಿ, ನೋಡಿ ಹೇಳ್ತೀವಿ" ಅಂದರು. ಕಳಿಸಿದೆ, 340 ರೂಪಾಯಿ ಕೊರಿಯರ್. ಇವತ್ತಿಗೂ ನೋಡುತ್ತಲೇ ಇದ್ದಾರೆ. ನಾಲ್ಕು ಸಲ ಫೋನ್, ನಾಲ್ಕು ಬೇರೆ ಬೇರೆ ಹೆಸರು, ಒಂದೇ ಉತ್ತರ.

ಫ್ಯಾನ್ ನಿಂತದ್ದು ಸೆಪ್ಟೆಂಬರ್ ಕೊನೆಗೆ, ಸರಿಯಾಗಿ ಹೂ ಬಂದ ಹೊತ್ತಿಗೆ. ಮಳೆ ಬಿಟ್ಟು ಬಿಸಿಲು ಏರಿತ್ತು. ಟೆಂಟಿನೊಳಗೆ ಮಧ್ಯಾಹ್ನ 36 ಡಿಗ್ರಿ. ಮೆಣಸಿನ ಹೂವಿಗೆ ಅಷ್ಟು ಶಾಖ ಆಗಿಬರಲ್ಲ, ದಿನಾ ಬೆಳಿಗ್ಗೆ ಕೆಳಗೆ ಬಿಳಿ ಹೂ ಉದುರಿ ರಂಗೋಲಿ ಬಿಟ್ಟ ಹಾಗೆ. ಅಳು ಬರೋದೊಂದು ಬಾಕಿ. ಕೊನೆಗೆ ಬಿಡಿಸಿದ್ದು ಸುಲಭದ ಉಪಾಯ: ಗಿಡಕ್ಕೆ ಹಗಲು ಯಾವಾಗ ಅನ್ನೋದು ನಾವು ಹೇಳಿದಾಗ, ಅಲ್ವಾ. ಸಂಜೆ 5ಕ್ಕೆ ಲೈಟ್ ಹಾಕಿ ಬೆಳಿಗ್ಗೆ 9ಕ್ಕೆ ಆರಿಸುವ ಹಾಗೆ ಟೈಮರ್ ತಿರುಗಿಸಿದೆ, ಟೆಂಟಿನ ಮುಂದಿನ ಬಾಗಿಲು ಪೂರ್ತಿ ಸುತ್ತಿ ಮೇಲೆ ಕಟ್ಟಿ ಮನೆಯ ಟೇಬಲ್ ಫ್ಯಾನ್ ಇಟ್ಟೆ. ಶಾಖ 29ಕ್ಕೆ ಇಳಿಯಿತು, ಹತ್ತು ದಿನಕ್ಕೆ ಕಾಯಿ ಕಚ್ಚಿತು. ಒಳಗೆ ಜೇನುನೊಣ ಬರಲ್ಲವಲ್ಲ, ಹೂ ಬಿಟ್ಟಾಗ ದಿನಕ್ಕೊಮ್ಮೆ ಕೊಂಬೆಯನ್ನು ಬೆರಳಿಂದ ಟಕ್ ಟಕ್ ಅಂತ ತಟ್ಟಿದರೆ ಸಾಕು, ಅದರ ಪರಾಗ ಅದಕ್ಕೇ ಆಗುತ್ತದೆ. ಬಾಗಿಲೇ ತೆರೆದಿಟ್ಟ ಮೇಲೆ ಟೆಂಟ್ ಯಾಕೆ ಅಂತ ಕೇಳಬೇಡಿ, ಗಂಡ ಕೇಳಿ ಆಗಿದೆ. ಚಳಿ ದೇಶದಲ್ಲಿ ಒಳಗಿನ ಶಾಖ ಹಿಡಿದಿಡೋಕೆ ಇದು ಬೇಕಾಗಬಹುದು, ನಮ್ಮಲ್ಲಿ ಶಾಖ ಹೊರಹಾಕುವುದೇ ಕೆಲಸ.

ಟೈಮರು ಇನ್ನೊಂದು ರಗಳೆ. ಚಕ್ರದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ, ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಗಾಳಿ ಮಳೆಗೆ ಒಂದು ಗಂಟೆ ಇವತ್ತು, ಅರ್ಧ ಗಂಟೆ ನಾಳೆ ಹೋಗುತ್ತಾ ಹೋಗುತ್ತಾ ಹದಿನೈದು ದಿನದಲ್ಲಿ ನನ್ನ ಗಿಡದ ಮುಂಜಾನೆ ನಾಲ್ಕು ಗಂಟೆ ಹಿಂದೆ ಬಿದ್ದಿತ್ತು. ದುರ್ಗದಬೈಲಿನ ಹತ್ತಿರ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ 450ಕ್ಕೆ ಸಿಕ್ಕಿತು, ಆಮೇಲೆ ತೊಂದರೆ ಇಲ್ಲ.

ಕೋಕೊಪೀಟ್ ಬಗ್ಗೆ ಒಂದೇ ಮಾತು: ಎರಡು ಸಲ ತೊಳೆಯದೆ ಬಳಸಬೇಡಿ, ಉಪ್ಪಿನಂಶ ಇರುತ್ತದೆ. ಅದರಲ್ಲಿ ಸತ್ವ ಏನೂ ಇರಲ್ಲ, ಎಲ್ಲ ನಾವೇ ಹಾಕಬೇಕು. ನರ ಹಸಿರಾಗಿದ್ದು ನಡುವೆ ಹಳದಿ ಬಂದಾಗ ಲೀಟರಿಗೆ ಅರ್ಧ ಚಮಚೆ ಎಪ್ಸಮ್ ಉಪ್ಪು ಹಾಕಿದೆ, ಸರಿಹೋಯಿತು. ಅಮ್ಮ ಮಾತ್ರ "ಎರಿ ಮಣ್ಣು ಕಳಸ್ತೀನಿ" ಅಂತ ಹಟ ಹಿಡಿದಿದ್ದಳು. ಹೊಲದಲ್ಲಿ ಚಿನ್ನ ಬೆಳೆಯುವ ಆ ಕಪ್ಪು ಮಣ್ಣು ಕುಂಡದಲ್ಲಿ ಹಸಿಯಾದರೆ ಅಂಟು, ಒಣಗಿದರೆ ಕಲ್ಲು. ಬೇಡ ಅಂದೆ, ಸ್ವಲ್ಪ ಬೇಜಾರಾದಳು.

ಕರೆಂಟ್ ಲೆಕ್ಕ ಕೇಳುವವರಿಗೆ. 96 ವ್ಯಾಟ್ ದಿನಕ್ಕೆ 16 ಗಂಟೆ ಅಂದರೆ ತಿಂಗಳಿಗೆ 46 ಯೂನಿಟ್. ಫ್ಯಾನ್ ಬದುಕಿದ್ದಾಗ ಅದರದು 18. ಒಟ್ಟು 64. ನಮ್ಮದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದ ಮನೆ. ಹಳೆ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಅಷ್ಟೇ ಉಚಿತ ಅಲ್ವಾ, ಈ ಟೆಂಟ್ ಬಂದ ತಿಂಗಳಿಂದ ಆ ಗೆರೆ ದಾಟಿ ಹಣ ಕಟ್ಟುವ ಹಾಗಾಯಿತು. ಮೊದಲೇ ಜಾಸ್ತಿ ಬಳಸುವ ಮನೆಯವರು ಹುಷಾರು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸೊಪ್ಪಿಗಾಗಿ ಮಾತ್ರ ಬಳಸಿದರೆ 12 ಗಂಟೆ ಸಾಕು, ಫ್ಯಾನ್ ಬೇಡ, 35 ಯೂನಿಟ್‌ನಲ್ಲಿ ಮುಗಿಯುತ್ತದೆ.

ಫಲ ಎಷ್ಟು ಬಂತು ಅಂದರೆ, ಎರಡು ಗಿಡದಿಂದ ಹಸಿದಾಗಿ ಕಿತ್ತದ್ದು ಬಿಟ್ಟು ಹಣ್ಣಾಗಿ ಒಣಗಿಸಿದ್ದು 210 ಗ್ರಾಂ. ಡಿಸೆಂಬರ್ ಕೊನೆಗೆ ಕೆಂಪಾಗೋಕೆ ಶುರುವಾದವು. ಅಮ್ಮನಿಗೆ ಫೋಟೊ ಕಳಿಸಿದರೆ "ಹೊಲದಾಗಿನವೂ ಈಗ ಕೆಂಪಾಗಾಕತ್ತಾವು, ಅವಕ್ಕ ಯಾರೂ ಲೈಟ್ ಹಚ್ಚಿಲ್ಲ" ಅಂದಳು. ಆದರೆ ಒಣಗಿದಾಗ ಬ್ಯಾಡಗಿಯ ಆ ಸುಕ್ಕು ಬಂತು ನೋಡಿ, ಕೈಯಲ್ಲಿ ಹಿಡಿದರೆ ಅದೇ ಗಲಗಲ ಸದ್ದು. ಎಣ್ಣೆಗೆ ಹಾಕಿದರೆ ಖಾರ ಕಡಿಮೆ, ಬಣ್ಣ ಮಾತ್ರ ಕುಂಕುಮ. 2011ರಲ್ಲಿ ಜಿಐ ಪಟ್ಟ (ಇಂಥ ಸೀಮೆಯದೇ ಅನ್ನೋ ಅಧಿಕೃತ ಗುರುತು) ಸಿಕ್ಕಿದ್ದು ಆ ಸೀಮೆಯಲ್ಲಿ ಬೆಳೆದದ್ದಕ್ಕೆ, ನನ್ನ ವಿದ್ಯಾನಗರದ ಮೂಲೆಯ ಮೆಣಸಿನಕಾಯಿ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಹಾಕಿಕೊಳ್ಳಲಿ ಬಿಡಿ, ಯಾರಿಗೆ ಮಾರಬೇಕಿದೆ.

ನನ್ನ ಲೆಕ್ಕಕ್ಕೆ ಲೈಟಿಗೆ ಐದಕ್ಕೆ ನಾಲ್ಕೂವರೆ, ಟೆಂಟಿಗೆ ಎರಡು, ಫ್ಯಾನಿಗೆ ಸೊನ್ನೆ, ಪುಸ್ತಿಕೆಗೆ ಸೊನ್ನೆಗಿಂತ ಕೆಳಗೆ ಏನಾದರೂ ಇದ್ದರೆ ಅದು. ಇಂಥದೇ ಬಿಳಿ ಬೋರ್ಡ್ ಬಿಡಿಯಾಗಿ ಸುಮಾರು 4,000ಕ್ಕೆ ಬರುತ್ತದೆ. ಅದು, ಒಂದು ಡಿಜಿಟಲ್ ಟೈಮರು, ಗೋಡೆಗೆ ಒಂದು ಕೊಂಡಿ. ಈ ಜೂನ್‌ಗೆ ನಾನು ಮಾಡುವುದು ಅಷ್ಟೇ. ಟೆಂಟ್ ಮಡಚಿ ಅಟ್ಟಕ್ಕೆ ಹೋಗಿದೆ. ಕಾರ್ಬನ್ ಫಿಲ್ಟರ್ ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟಿದ್ದೆ. ಮೊನ್ನೆ ಆ 210 ಗ್ರಾಂ ಹುರಿದು ಖಾರದ ಪುಡಿ ಮಾಡುವಾಗ ಮನೆಯವರೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡಿದರು, ಗಂಡ ಅಲ್ಲಿಂದಲೇ ಕೂಗಿದ: "ಆ ಫಿಲ್ಟರ್ ಈಗರೆ ಹಚ್ಚು!"